ಹಳೆಯ ಕಲ್ಲಿನಲ್ಲಿ ಹಳೆಯ ಕಡಲನ್ನು ಓದುವುದು ಹೇಗೆ: ಮಾಲಿಬ್ಡಿನಮ್ ಐಸೊಟೋಪ್ ಅಧ್ಯಯನಕ್ಕೆ ಒಂದು ಮಾರ್ಗದರ್ಶಿ

250 ಕೋಟಿ ವರ್ಷ ಹಿಂದಿನ ಸಮುದ್ರದ ನೀರು ಇವತ್ತು ಎಲ್ಲೂ ಸಿಗುವುದಿಲ್ಲ. ಅದರ ತಳದಲ್ಲಿ ಕೂತ ಕೆಸರು ಮಾತ್ರ ಅಲ್ಲಲ್ಲಿ ಕಲ್ಲಾಗಿ ಉಳಿದಿದೆ. ಆ ಕಲ್ಲಿನೊಳಗಿನ ಲೋಹವನ್ನು ಅಳೆದು, ಆ ಕಾಲದ ಕಡಲಲ್ಲಿ ಆಮ್ಲಜನಕ ಇತ್ತೇ, ಗಂಧಕ ತುಂಬಿದ ನೀರು ಎಷ್ಟು ದೂರ ಹರಡಿತ್ತು ಎಂದು ಹೇಳಬಹುದು. ಸುಮಾರು 2000ನೇ ಇಸವಿಯಿಂದ ಈಚೆಗೆ ಈ ವಿದ್ಯೆ ತುಂಬಾ ಬೆಳೆದಿದೆ.

ಈ ಬರಹ ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡುತ್ತಿರುವವರಿಗೆ, ಸಂಶೋಧನೆಗೆ ಈಗಷ್ಟೇ ಕಾಲಿಡುತ್ತಿರುವವರಿಗೆ. "ಇಷ್ಟು ಹಳೆಯ ವಿಷಯ ಇವರಿಗೆ ಹೇಗೆ ಗೊತ್ತಾಗುತ್ತದೆ?" ಎಂದು ಕೇಳುವ ಯಾರು ಬೇಕಾದರೂ ಓದಬಹುದು.

ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ. ಯಂತ್ರದಿಂದ ಸಂಖ್ಯೆ ತೆಗೆಯುವುದು ಈ ಕೆಲಸದ ಸುಲಭದ ಪಾಲು. ಸರಿಯಾದ ಕಲ್ಲನ್ನು ಆರಿಸುವುದು, ಆರಿಸಿದ ಮೇಲೂ ಅದನ್ನು ಸುಲಭಕ್ಕೆ ನಂಬದೇ ಇರುವುದು ಕಷ್ಟದ ಪಾಲು. ಹಾಗಾಗಿ ಕೆಳಗೆ ಕೆಲವು ಹೆಜ್ಜೆಗಳು ಉದ್ದ, ಕೆಲವು ಚಿಕ್ಕವು.

ಹೆಜ್ಜೆ 1: ಪ್ರಶ್ನೆ ಗಟ್ಟಿ ಮಾಡಿಕೊಳ್ಳಿ, ಆಮೇಲೆ ಲೋಹ ಆರಿಸಿ

"ಹಳೆಯ ಸಮುದ್ರ ಹೇಗಿತ್ತು?" ಎಂಬ ಪ್ರಶ್ನೆಗೆ ಯಾವ ಲೋಹವೂ ಉತ್ತರ ಕೊಡುವುದಿಲ್ಲ. ಒಂದೊಂದು ಲೋಹ ಒಂದೊಂದು ಸಂಗತಿ ಹೇಳುತ್ತದೆ. ಒಂದೇ ಲೋಹದ, ತೂಕದಲ್ಲಿ ಮಾತ್ರ ಬೇರೆಯಾದ ಪರಮಾಣುಗಳಿಗೆ ಐಸೊಟೋಪ್ ಎನ್ನುತ್ತಾರೆ. ಕಬ್ಬಿಣದ ಐಸೊಟೋಪ್‌ಗಳು ನೀರಿನಲ್ಲಿ ಕರಗಿದ್ದ ಕಬ್ಬಿಣ ಎಷ್ಟರ ಮಟ್ಟಿಗೆ ತುಕ್ಕಾಗಿ ತಳಕ್ಕೆ ಇಳಿಯಿತು ಎಂದು ತಿಳಿಸುತ್ತವೆ. ಕ್ರೋಮಿಯಂ ಹೇಳುವುದು ನೆಲದ ಮೇಲಿನ ಬಂಡೆಗಳು ಆಮ್ಲಜನಕಕ್ಕೆ ಸಿಕ್ಕಿ ಸವೆದವೇ ಎಂಬುದನ್ನು. ಯುರೇನಿಯಂ ಸುಣ್ಣಕಲ್ಲಿನಲ್ಲೂ ದಾಖಲಾಗುವುದರಿಂದ ಕಪ್ಪು ಶೇಲ್ (ಇಂಗಾಲ ತುಂಬಿದ ಕೆಸರು ಗಟ್ಟಿಯಾದ ಕಲ್ಲು) ಸಿಗದ ಕಡೆ ಉಪಯೋಗಕ್ಕೆ ಬರುತ್ತದೆ. ಸುಮಾರು 25 ಕೋಟಿ ವರ್ಷ ಹಿಂದಿನ ಪರ್ಮಿಯನ್ ಅಂತ್ಯದ ಮಹಾ ಅಳಿವಿನ ಹೊತ್ತಿಗೆ ಸಾಗರದಲ್ಲಿ ಆಮ್ಲಜನಕ ಹೇಗೆ ಕುಸಿಯಿತು ಎಂದು ದಕ್ಷಿಣ ಚೀನಾದ ಡಾವೆನ್ ಸುಣ್ಣಕಲ್ಲುಗಳ ಯುರೇನಿಯಂ ನೋಡಿ 2011ರಲ್ಲಿ ಹೇಳಿದರು.

ಇಲ್ಲಿ ನಾನು ಮಾಲಿಬ್ಡಿನಮ್ ಹಿಡಿದುಕೊಂಡು ಹೋಗುತ್ತೇನೆ. ಇದರ ತರ್ಕ ಸ್ಪಷ್ಟ, ಜೊತೆಗೆ ಇದರ ಸುತ್ತ ನಡೆದ ಒಂದು ದೊಡ್ಡ ವಾದ ಕಲಿಯುವವರಿಗೆ ಒಳ್ಳೆಯ ಪಾಠ.

ಮಾಲಿಬ್ಡಿನಮ್‌ಗೆ 7 ಐಸೊಟೋಪ್‌ಗಳಿವೆ: 92, 94, 95, 96, 97, 98, 100. ನಾವು ನೋಡುವುದು 98ಕ್ಕೂ 95ಕ್ಕೂ ಇರುವ ಅನುಪಾತವನ್ನು. ಕಲ್ಲಿನ ಅನುಪಾತ ಒಂದು ಗೊತ್ತುಮಾಡಿದ ಮಾದರಿ ದ್ರಾವಣಕ್ಕಿಂತ ಎಷ್ಟು ಬೇರೆ ಎಂಬುದನ್ನು ಸಾವಿರದ ಲೆಕ್ಕದಲ್ಲಿ ಬರೆಯುತ್ತಾರೆ. ಇದನ್ನೇ ಡೆಲ್ಟಾ ಮೌಲ್ಯ ಎನ್ನುತ್ತಾರೆ, ಅದರ ಅಳತೆ ಪರ್ ಮಿಲ್. 1 ಪರ್ ಮಿಲ್ ಅಂದರೆ ಸಾವಿರದಲ್ಲಿ ಒಂದು ಪಾಲು ವ್ಯತ್ಯಾಸ.

ಸಾಗರದ ಮಾಲಿಬ್ಡಿನಮ್ ಅನ್ನು ಮನೆಯ ಜಮಾ ಖರ್ಚಿನಂತೆ ನೋಡಿ. ಜಮಾ ಮುಖ್ಯವಾಗಿ ನದಿಗಳಿಂದ. ಇಂದಿನ ನದಿಗಳ ಸರಾಸರಿ ಮೌಲ್ಯ ಸುಮಾರು 0.7 ಪರ್ ಮಿಲ್. ಖರ್ಚಿನಲ್ಲಿ ಎರಡು ದಾರಿ ಮುಖ್ಯ. ಆಮ್ಲಜನಕ ಇರುವ ತಳದಲ್ಲಿ ಮ್ಯಾಂಗನೀಸ್ ಆಕ್ಸೈಡ್ ಕೂರುತ್ತದೆ, ಅದು ಹಗುರ ಮಾಲಿಬ್ಡಿನಮ್ ಅನ್ನೇ ಜಾಸ್ತಿ ಎಳೆದುಕೊಳ್ಳುತ್ತದೆ. ಅದರ ಮೇಲಿರುವ ಮಾಲಿಬ್ಡಿನಮ್ ಸಮುದ್ರದ ನೀರಿಗಿಂತ ಸುಮಾರು 3 ಪರ್ ಮಿಲ್ ಹಗುರ. ಹೀಗೆ ಹಗುರದ್ದು ಹೊರಗೆ ಹೋಗುತ್ತಾ ಹೋಗಿ ನೀರಿನಲ್ಲಿ ಭಾರದ್ದು ಉಳಿಯುತ್ತದೆ. ಇಂದಿನ ಸಾಗರದ ಮೌಲ್ಯ 2.34 ಪರ್ ಮಿಲ್ ಆಗಿರುವುದಕ್ಕೆ ಇದೇ ಕಾರಣ.

ಎರಡನೇ ದಾರಿ ಕಪ್ಪು ಸಮುದ್ರದಂಥ ಜಾಗಗಳದ್ದು. ಅಲ್ಲಿ ಸುಮಾರು 400 ಮೀಟರ್ ಕೆಳಗೆ ನೀರಿನಲ್ಲಿ ಹೈಡ್ರೋಜನ್ ಸಲ್ಫೈಡ್ ತುಂಬಿದೆ. ಅಲ್ಲಿಗೆ ಬಂದ ಮಾಲಿಬ್ಡಿನಮ್ ಗಂಧಕದ ಜೊತೆ ಸೇರಿ ಹೆಚ್ಚುಕಮ್ಮಿ ಪೂರ್ತಿಯಾಗಿ ಕೆಸರಿಗೆ ಇಳಿದುಬಿಡುತ್ತದೆ. ಎಲ್ಲವೂ ಇಳಿದರೆ ಆರಿಸಿಕೊಳ್ಳುವ ಮಾತೇ ಇಲ್ಲ ಅಲ್ವಾ? ಹಾಗಾಗಿ ಆ ಕೆಸರಿನ ಮೌಲ್ಯವೂ ಸಮುದ್ರದ ನೀರಿನ ಮೌಲ್ಯವೂ ಸುಮಾರಾಗಿ ಒಂದೇ.

ಇಡೀ ವಿದ್ಯೆ ನಿಂತಿರುವುದು ಇದರ ಮೇಲೆ. ಗಂಧಕದ ನೀರಿನ ಕೆಳಗೆ ಕೂತ ಹಳೆಯ ಕಪ್ಪು ಶೇಲ್ ಸಿಕ್ಕರೆ ಅದು ಆ ಕಾಲದ ಸಮುದ್ರದ ಪ್ರತಿ. ಅದರಲ್ಲಿ ಭಾರದ ಮೌಲ್ಯ ಕಂಡರೆ ಪ್ರಪಂಚದ ಬೇರೆಲ್ಲೋ ಆಮ್ಲಜನಕ ತಗುಲಿದ ತಳ ಇತ್ತು, ಅಲ್ಲಿ ಮ್ಯಾಂಗನೀಸ್ ಆಕ್ಸೈಡ್ ಕೂರುತ್ತಿತ್ತು ಎಂದರ್ಥ. ಹಗುರವಿದ್ದರೆ ಅಂಥ ತಳ ಕಡಿಮೆ ಇತ್ತು. ಉತ್ತರ ಆಸ್ಟ್ರೇಲಿಯಾದ ಮೆಕಾರ್ಥರ್ ಪ್ರದೇಶದ 140 ಮತ್ತು 170 ಕೋಟಿ ವರ್ಷದ ಶೇಲ್‌ಗಳು ಇಂದಿನ ಸಾಗರಕ್ಕಿಂತ ಹಗುರ ಎಂದು 2004ರಲ್ಲಿ ತೋರಿಸಿದಾಗ, ಆಗಿನ ಕಡಲಿನಲ್ಲಿ ಆಮ್ಲಜನಕವಿಲ್ಲದ ತಳ ಇಂದಿಗಿಂತ ಬಹಳ ವಿಸ್ತಾರವಾಗಿತ್ತು ಎಂಬ ಮಾತಿಗೆ ಬಲ ಬಂತು.

ಹೆಜ್ಜೆ 2: ಕಲ್ಲು ಆರಿಸುವುದು

ಇಲ್ಲಿ ಆತುರ ಬೇಡ. ರಸ್ತೆ ಬದಿಯಲ್ಲಿ ಕಾಣುವ ಕಲ್ಲನ್ನು ಸುಮ್ನೆ ಒಡೆದು ತಂದರೆ ಮುಂದಿನ ಎಲ್ಲ ದುಡ್ಡೂ ಶ್ರಮವೂ ದಂಡ.

ಮೊದಲ ಶತ್ರು ಇವತ್ತಿನ ಗಾಳಿ ಮಳೆ. ಕಪ್ಪು ಶೇಲ್‌ನಲ್ಲಿರುವ ಪೈರೈಟ್ (ಕಬ್ಬಿಣ, ಗಂಧಕ ಸೇರಿದ ಖನಿಜ) ಗಾಳಿಗೆ ಬಿದ್ದರೆ ತುಕ್ಕು ಹಿಡಿಯುತ್ತದೆ, ಅದರ ಜೊತೆ ಮಾಲಿಬ್ಡಿನಮ್ ಕೂಡ ತೊಳೆದು ಹೋಗುತ್ತದೆ. ಇದು ಕೇವಲ ಊಹೆಯಲ್ಲ. ದಕ್ಷಿಣ ಆಫ್ರಿಕಾದ ಪೊಂಗೋಲಾ ಪ್ರದೇಶದಲ್ಲಿ 295 ಕೋಟಿ ವರ್ಷ ಹಳೆಯ ಕಬ್ಬಿಣದ ಪದರಗಳಿವೆ. ನೆಲದ ಮೇಲೆ ಸಿಕ್ಕ ತುಂಡುಗಳಲ್ಲಿ ಕ್ರೋಮಿಯಂ ಮೌಲ್ಯ ಭಾರವಾಗಿತ್ತು. ಅಷ್ಟು ಹಿಂದೆಯೇ ಗಾಳಿಯಲ್ಲಿ ಆಮ್ಲಜನಕ ಇತ್ತು ಎನ್ನಲು ಅದು ಸಾಕ್ಷಿಯಂತೆ ಕಂಡಿತ್ತು. 2018ರಲ್ಲಿ ಅದೇ ಪದರವನ್ನು ಆಳದಿಂದ ತೆಗೆದ ಕೊರೆ ಕಂಬದಲ್ಲಿ (ನೆಲ ಕೊರೆದು ತೆಗೆದ ಉದ್ದನೆಯ ಕಲ್ಲಿನ ಉರುಳೆ, ಡ್ರಿಲ್ ಕೋರ್) ಅಳೆದಾಗ ಆ ಭಾರದ ಮೌಲ್ಯ ಕಾಣಲಿಲ್ಲ. ಮೇಲಿನ ಕಲ್ಲು ಹೇಳುತ್ತಿದ್ದುದು ನಮ್ಮ ಕಾಲದ ಸವೆತದ ಕಥೆ.

ಹಾಗಾಗಿ ಸಾಧ್ಯವಾದಷ್ಟೂ ಕೊರೆ ಕಂಬದ ಕಲ್ಲನ್ನೇ ಹಿಡಿಯಿರಿ. ಗಣಿ ಕಂಪನಿಗಳು, ಸರ್ಕಾರಿ ಭೂವೈಜ್ಞಾನಿಕ ಇಲಾಖೆಗಳು ಕೊರೆದ ಕಂಬಗಳನ್ನು ಪೆಟ್ಟಿಗೆಗಳಲ್ಲಿ ಜೋಡಿಸಿ ಇಟ್ಟಿರುತ್ತವೆ. ಅನುಮತಿ ಕೇಳಿ, ಆಳ ಬರೆದ ಗುರುತು ಸರಿಯಿದೆಯೇ ನೋಡಿ, ಅರ್ಧ ಭಾಗ ಮಾತ್ರ ಕತ್ತರಿಸಿ ತನ್ನಿ.

ನಮ್ಮ ಕಡೆಯ ಕಲ್ಲುಗಳ ಬಗ್ಗೆ ಒಂದು ಮಾತು. ಸಂಡೂರು, ಚಿತ್ರದುರ್ಗ, ಬಾಬಾಬುಡನ್ ಬೆಟ್ಟಗಳ ಪಟ್ಟೆ ಪಟ್ಟೆ ಕಬ್ಬಿಣದ ಕಲ್ಲುಗಳು ಆರ್ಕಿಯನ್ ಕಾಲದ (250 ಕೋಟಿ ವರ್ಷಕ್ಕೂ ಹಿಂದಿನ) ಕಡಲಿನಲ್ಲಿ ಕೂತವು. ಕಬ್ಬಿಣದ ಐಸೊಟೋಪ್ ಕೆಲಸಕ್ಕೆ ಮನಸ್ಸು ಮೊದಲು ಅಲ್ಲಿಗೇ ಹೋಗುವುದು ಸಹಜ. ಆದರೆ ಸಂಡೂರಿನ ಗಣಿಗಳಲ್ಲಿ ಬೆಲೆ ಬಾಳುವ ಅದಿರು, ಮೂಲ ಪದರದಿಂದ ಸಿಲಿಕಾ ಆಮೇಲೆ ತೊಳೆದು ಹೋಗಿ ಕಬ್ಬಿಣ ಸಾಂದ್ರವಾದದ್ದು. ಗಣಿಯವರಿಗೆ ಅದು ಒಳ್ಳೆಯ ಕಲ್ಲು, ನಮಗಲ್ಲ. ನಮಗೆ ಬೇಕಾದ್ದು ಸಿಲಿಕಾ ಮತ್ತು ಮ್ಯಾಗ್ನೆಟೈಟ್ ಪಟ್ಟೆಗಳು ಇನ್ನೂ ಹಾಗೇ ಇರುವ ಆಳದ ಭಾಗ. ಮೇಲಾಗಿ ಈ ಕಲ್ಲುಗಳು ಭೂಮಿಯೊಳಗೆ ಬೆಂದಿವೆ, ಒಂದು ಖನಿಜದಿಂದ ಇನ್ನೊಂದಕ್ಕೆ ಐಸೊಟೋಪ್‌ಗಳು ಮರುಹಂಚಿಕೆ ಆಗಿರಬಹುದು. ಬಿಡಿ ಖನಿಜದ ಜೊತೆಗೆ ಇಡೀ ಪಟ್ಟೆಯ ಮೌಲ್ಯವನ್ನೂ ಅಳೆದು ಹೋಲಿಸಿ. ಮರಡಿಹಳ್ಳಿಯ ದಿಂಬು ಲಾವಾದಂಥ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಿಗೆ ಹೋದರೆ ನೋಡಿ, ಫೋಟೋ ತೆಗೆಯಿರಿ. ಅಲ್ಲಿ ಸುತ್ತಿಗೆ ಎತ್ತಬೇಡಿ.

ಹೆಜ್ಜೆ 3: ಕಲ್ಲಿನ ಪೂರ್ವಾಪರ ವಿಚಾರಿಸಿ

ದುಬಾರಿ ಐಸೊಟೋಪ್ ಅಳತೆಗೆ ಮುಂಚೆ ಅಗ್ಗದ ಪರೀಕ್ಷೆಗಳು ಮುಗಿದಿರಬೇಕು.

ತೆಳು ಪದರ (ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿದ ಕಲ್ಲಿನ ಚೂರು) ಮಾಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿ. ಪೈರೈಟ್ ಸಣ್ಣ ಸಣ್ಣ ಕಣಗಳಾಗಿ ಪದರದ ಉದ್ದಕ್ಕೂ ಹರಡಿದೆಯೇ, ಇಲ್ಲ ಆಮೇಲೆ ಬಿರುಕಿನಲ್ಲಿ ತುಂಬಿಕೊಂಡ ದಪ್ಪ ಗೀರುಗಳೇ? ಜ್ವಾಲಾಮುಖಿ ಬೂದಿ ಬೆರೆತಿದೆಯೇ? ಈ ಪ್ರಶ್ನೆಗಳು ಹೆಜ್ಜೆ 7ರಲ್ಲಿ ಮತ್ತೆ ಎದುರಾಗುತ್ತವೆ.

ಆಮೇಲೆ ಕಬ್ಬಿಣದ ವಿಂಗಡಣೆ. ಕಲ್ಲಿನ ಕಬ್ಬಿಣದಲ್ಲಿ ಸುಲಭವಾಗಿ ಕ್ರಿಯೆಗೆ ಒಳಗಾಗುವ ಪಾಲು ಎಷ್ಟು ಎಂದು ಹಂತ ಹಂತವಾಗಿ ರಾಸಾಯನಿಕಗಳಲ್ಲಿ ಕರಗಿಸಿ ತೆಗೆಯುತ್ತಾರೆ. ಒಟ್ಟು ಕಬ್ಬಿಣದಲ್ಲಿ ಈ ಪಾಲು 0.38ಕ್ಕಿಂತ ಜಾಸ್ತಿ ಇದ್ದರೆ ಮೇಲಿದ್ದ ನೀರಿನಲ್ಲಿ ಆಮ್ಲಜನಕ ಇರಲಿಲ್ಲ ಎಂದು ಓದುತ್ತಾರೆ. ಆ ಪಾಲಿನಲ್ಲೂ 0.7ರಿಂದ 0.8ಕ್ಕಿಂತ ಜಾಸ್ತಿ ಪೈರೈಟ್ ಆಗಿದ್ದರೆ ಗಂಧಕದ ನೀರು ಇತ್ತು ಎಂದು. ಮಾಲಿಬ್ಡಿನಮ್ ಮೌಲ್ಯವನ್ನು ಸಮುದ್ರದ ಮೌಲ್ಯ ಎಂದು ಕರೆಯಲು ಈ ಎರಡನೇ ಗೆರೆ ದಾಟಿದ ಕಲ್ಲು ಬೇಕು. ದಾಟದಿದ್ದರೆ ಮಾಲಿಬ್ಡಿನಮ್ ಪೂರ್ತಿ ಇಳಿದಿಲ್ಲ, ಕಲ್ಲು ಸಮುದ್ರಕ್ಕಿಂತ ಹಗುರವಾಗಿ ಕಾಣುತ್ತದೆ.

ಮೂರನೆಯದು ಅಲ್ಯೂಮಿನಿಯಂ ಲೆಕ್ಕ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಎಷ್ಟೋ ದತ್ತಾಂಶ ಹಾಳಾಗುವುದು ಇಲ್ಲೇ. ಕಲ್ಲಿನ ಎಲ್ಲ ಮಾಲಿಬ್ಡಿನಮ್ ಸಮುದ್ರದಿಂದ ಬಂದದ್ದಲ್ಲ. ನೆಲದಿಂದ ಕೊಚ್ಚಿ ಬಂದ ಮಣ್ಣಿನ ಜೊತೆಗೂ ಸ್ವಲ್ಪ ಬಂದಿರುತ್ತದೆ. ಭೂಮಿಯ ಮೇಲ್ಪದರದ ಸರಾಸರಿ ಬಂಡೆಯಲ್ಲಿ ಅಲ್ಯೂಮಿನಿಯಂ ಸುಮಾರು ಶೇ. 8, ಮಾಲಿಬ್ಡಿನಮ್ ಸುಮಾರು 1.1 ಪಿಪಿಎಂ (ಹತ್ತು ಲಕ್ಷದಲ್ಲಿ 1.1 ಪಾಲು). ನಿಮ್ಮ ಕಲ್ಲಿನಲ್ಲೂ ಅಲ್ಯೂಮಿನಿಯಂ ಶೇ. 8 ಇದ್ದರೆ ಮಣ್ಣಿನ ಪಾಲು 1.1 ಪಿಪಿಎಂ ಎಂದು ಹಿಡಿಯಬಹುದು.

ಈಗ ಎರಡು ಕಲ್ಲು ಊಹಿಸಿಕೊಳ್ಳಿ. ಎರಡರಲ್ಲೂ ಅಳೆದ ಮೌಲ್ಯ 1.50 ಪರ್ ಮಿಲ್. ಮೊದಲನೆಯದರಲ್ಲಿ ಒಟ್ಟು ಮಾಲಿಬ್ಡಿನಮ್ 20 ಪಿಪಿಎಂ. ಮಣ್ಣಿನ ಪಾಲು ಶೇ. 5.5 ಮಾತ್ರ. ಮಣ್ಣಿನ ಮೌಲ್ಯ 0 ಎಂದು ಹಿಡಿದರೆ ಸಮುದ್ರದಿಂದ ಬಂದ ಪಾಲಿನ ಮೌಲ್ಯ 1.59. ಮಣ್ಣಿನದು 0.5 ಎಂದು ಹಿಡಿದರೆ 1.56. ವ್ಯತ್ಯಾಸ ಲೆಕ್ಕಕ್ಕಿಲ್ಲ. ಎರಡನೇ ಕಲ್ಲಿನಲ್ಲಿ ಒಟ್ಟು 2 ಪಿಪಿಎಂ ಮಾತ್ರ, ಅಂದರೆ ಮಣ್ಣಿನ ಪಾಲೇ ಶೇ. 55. ಅದೇ ಲೆಕ್ಕ ಮಾಡಿದರೆ ಒಂದು ಸಲ 3.33 ಬರುತ್ತದೆ, ಇನ್ನೊಂದು ಸಲ 2.72. ಎರಡೂ ಇಂದಿನ ಸಾಗರಕ್ಕಿಂತ ಭಾರ! ಮಣ್ಣಿನ ಬಗ್ಗೆ ನಾವು ಮಾಡಿದ ಊಹೆಯೇ ಉತ್ತರವನ್ನು 0.6 ಪರ್ ಮಿಲ್ ಅಲುಗಾಡಿಸಿತು. ಇಂಥ ಕಲ್ಲನ್ನು ಪಟ್ಟಿಯಿಂದ ತೆಗೆಯಿರಿ. ಯಂತ್ರ ಎಷ್ಟೇ ನಿಖರವಾಗಿದ್ದರೂ ಈ ದೋಷವನ್ನು ಅದು ಸರಿಮಾಡಲಾರದು.

ಹೆಜ್ಜೆ 4: ಪುಡಿ ಮಾಡುವುದು

ಉಕ್ಕಿನ ಪಾತ್ರೆಯಲ್ಲಿ ಕುಟ್ಟಬೇಡಿ. ಎಷ್ಟೋ ಬಗೆಯ ಉಕ್ಕಿನಲ್ಲಿ ಕ್ರೋಮಿಯಂ, ಮಾಲಿಬ್ಡಿನಮ್ ಎರಡೂ ಇರುತ್ತವೆ, ಕಬ್ಬಿಣವಂತೂ ಇದ್ದೇ ಇದೆ. ಅಗೇಟ್ ಅಥವಾ ಅಲ್ಯೂಮಿನಾ ಪಾತ್ರೆ ಸರಿ. ಗರಗಸದ ಗೀರುಗಳನ್ನು ಮೊದಲು ಉಜ್ಜಿ ತೆಗೆಯಿರಿ. ಬಿಳಿ ಗೀರು, ಪೈರೈಟ್ ಗಂಟು ಕಂಡರೆ ಬೇರ್ಪಡಿಸಿ. ಒಂದು ಕಲ್ಲು ಮುಗಿದ ಮೇಲೆ ಶುದ್ಧ ಮರಳು ಹಾಕಿ ಪಾತ್ರೆ ತೊಳೆದು ಮುಂದಿನದಕ್ಕೆ ಹೋಗಿ.

ಹೆಜ್ಜೆ 5: ಕರಗಿಸುವುದು, ಬೇರ್ಪಡಿಸುವುದು

ಶೇಲ್‌ನಲ್ಲಿ ಇಂಗಾಲ ಜಾಸ್ತಿ ಇರುತ್ತದೆ. ಪುಡಿಯನ್ನು ಕುಲುಮೆಯಲ್ಲಿ ಸುಮಾರು 550 ಡಿಗ್ರಿಗೆ ರಾತ್ರಿಯಿಡೀ ಇಟ್ಟು ಅದನ್ನು ಸುಡುತ್ತಾರೆ. ಆಮೇಲೆ ಟೆಫ್ಲಾನ್ ಜಾತಿಯ ಮುಚ್ಚಳದ ಬಟ್ಟಲಿನಲ್ಲಿ ಹೈಡ್ರೋಫ್ಲೋರಿಕ್ ಮತ್ತು ನೈಟ್ರಿಕ್ ಆಮ್ಲ ಹಾಕಿ ಬಿಸಿ ತಟ್ಟೆಯ ಮೇಲೆ ಕರಗಿಸುತ್ತಾರೆ.

ಹೈಡ್ರೋಫ್ಲೋರಿಕ್ ಆಮ್ಲದ ಬಗ್ಗೆ ಗಟ್ಟಿಯಾಗಿ ಹೇಳುತ್ತೇನೆ. ಇದು ಚರ್ಮಕ್ಕೆ ಬಿದ್ದಾಗ ಕೆಲವೊಮ್ಮೆ ಆ ಕ್ಷಣಕ್ಕೆ ನೋವೇ ಗೊತ್ತಾಗುವುದಿಲ್ಲ. ಒಳಗೆ ಇಳಿದು ದೇಹದ ಕ್ಯಾಲ್ಸಿಯಂ ಅನ್ನೇ ಹಿಡಿಯುತ್ತದೆ, ಹೃದಯಕ್ಕೂ ಅಪಾಯ. ತರಬೇತಿ ಇಲ್ಲದೆ ಮುಟ್ಟಬೇಡಿ. ಒಬ್ಬರೇ ಇದ್ದಾಗ ಕೆಲಸ ಮಾಡಬೇಡಿ. ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಕೈಗೆ ಸಿಗುವಂತಿರಲಿ, ಅದರ ಅವಧಿ ಮುಗಿದಿಲ್ಲವೇ ಎಂದು ನೋಡಿಟ್ಟುಕೊಳ್ಳಿ. ಬಿದ್ದರೆ ತಕ್ಷಣ ನೀರಿನಲ್ಲಿ ಚೆನ್ನಾಗಿ ತೊಳೆದು, ಜೆಲ್ ಹಚ್ಚಿ, ನೋವಿಲ್ಲದಿದ್ದರೂ ಆಸ್ಪತ್ರೆಗೆ ಹೋಗಿ.

ಕರಗಿದ ದ್ರಾವಣದ ಚಿಕ್ಕ ಪಾಲಿನಲ್ಲಿ ಮಾಲಿಬ್ಡಿನಮ್ ಎಷ್ಟಿದೆ ಎಂದು ಮೊದಲು ಅಳೆಯಿರಿ. ಅದಕ್ಕೆ ತಕ್ಕಂತೆ ಮುಖ್ಯ ಪಾಲಿಗೆ ಡಬಲ್ ಸ್ಪೈಕ್ ಹಾಕಬೇಕು. 97 ಮತ್ತು 100 ಐಸೊಟೋಪ್‌ಗಳನ್ನು ಸಾಂದ್ರಗೊಳಿಸಿ, ಗೊತ್ತಿರುವ ಅನುಪಾತದಲ್ಲಿ ಬೆರೆಸಿದ ದ್ರಾವಣ ಇದು. ಇದರಿಂದ ಏನು ಲಾಭ? ಮುಂದೆ ರಾಳದ ಕಂಬದಲ್ಲೂ (ಧಾತುಗಳನ್ನು ಬೇರ್ಪಡಿಸಲು ರಾಳ ತುಂಬಿದ ಕೊಳವೆ) ಯಂತ್ರದಲ್ಲೂ ಐಸೊಟೋಪ್‌ಗಳು ಅಷ್ಟಿಷ್ಟು ವಾಲುತ್ತವೆ. ಸ್ಪೈಕ್‌ನ ಅನುಪಾತ ಎಷ್ಟು ಬದಲಾಯಿತು ಎಂದು ನೋಡಿದರೆ ಆ ವಾಲಿಕೆ ಎಷ್ಟೆಂದು ಗೊತ್ತಾಗುತ್ತದೆ, ಅದನ್ನು ಕಳೆಯಬಹುದು. ಆದ್ದರಿಂದ ಸ್ಪೈಕ್ ಅನ್ನು ರಾಳದ ಕಂಬಕ್ಕೆ ಮುಂಚೆಯೇ ಹಾಕಬೇಕು. ಹಾಕಿದ ಮೇಲೆ ಎರಡೂ ಚೆನ್ನಾಗಿ ಬೆರೆಯುವಂತೆ ಬಿಸಿ ಮಾಡಿ ಒಣಗಿಸಿ ಮತ್ತೆ ಕರಗಿಸಿ.

ರಾಳದ ಕಂಬದ ಕೆಲಸ ಮಾಲಿಬ್ಡಿನಮ್ ಅನ್ನು ಮಿಕ್ಕ ಧಾತುಗಳಿಂದ ಬೇರೆ ಮಾಡುವುದು. ಜಿರ್ಕೋನಿಯಂ ಮತ್ತು ರುಥೇನಿಯಂ ಐಸೊಟೋಪ್‌ಗಳ ತೂಕ ಮಾಲಿಬ್ಡಿನಮ್‌ನವುಗಳ ಮೇಲೇ ಬೀಳುತ್ತದೆ. ಕಬ್ಬಿಣ ಉಳಿದರೆ ಅದು ಯಂತ್ರದ ಆರ್ಗಾನ್ ಜೊತೆ ಸೇರಿ 94, 96, 97ರ ಜಾಗಕ್ಕೆ ಬಂದು ಕೂರುತ್ತದೆ. ಶೇಲ್‌ನಲ್ಲಿ ಕಬ್ಬಿಣ ಮಾಲಿಬ್ಡಿನಮ್‌ಗಿಂತ ಸಾವಿರಾರು ಪಟ್ಟು ಜಾಸ್ತಿ. ಹಾಗಾಗಿ ಸಾಮಾನ್ಯವಾಗಿ ಮೊದಲು ಋಣ ಅಯಾನು (ಆನಯಾನ್) ರಾಳ, ಆಮೇಲೆ ಕಬ್ಬಿಣ ತೆಗೆಯಲು ಧನ ಅಯಾನು (ಕ್ಯಾಟಯಾನ್) ರಾಳ. ಪ್ರತಿ ಸುತ್ತಿನಲ್ಲೂ ಕಲ್ಲಿಲ್ಲದ ಒಂದು ಖಾಲಿ ಬಟ್ಟಲನ್ನೂ ಇದೇ ದಾರಿಯಲ್ಲಿ ಕಳಿಸಿ. ಅದರಲ್ಲಿ ಸಿಕ್ಕ ಮಾಲಿಬ್ಡಿನಮ್ ನಿಮ್ಮ ಲ್ಯಾಬಿನ ಕೊಳೆ. ಕಲ್ಲಿನದಕ್ಕೆ ಹೋಲಿಸಿದರೆ ಅದು ನಗಣ್ಯವಾಗಿರಬೇಕು.

ಹೆಜ್ಜೆ 6: ಅಳತೆ

ಬೇಕಾದ ಯಂತ್ರ ಹಲವು ಸಂಗ್ರಾಹಕಗಳ ಪ್ಲಾಸ್ಮಾ ಮಾಸ್ ಸ್ಪೆಕ್ಟ್ರೋಮೀಟರ್, ಅಂದರೆ ಐಸೊಟೋಪ್ಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಅಳೆಯುವ ಯಂತ್ರ. ಇದು ಎಲ್ಲ ಕಡೆ ಇರುವುದಿಲ್ಲ. ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯದಂಥ ಕಡೆ ಇದೆ. ನರ್ಮದಾ, ತಾಪಿ ನದಿಗಳ ಅಳಿವೆಯ ಮಾಲಿಬ್ಡಿನಮ್ ಐಸೊಟೋಪ್ ಕೆಲಸ ಅಲ್ಲಿಯವರು ಮಾಡಿದ್ದು. ಯಂತ್ರದ ಸಮಯ ಬೇಕಾದರೆ ಹೆಜ್ಜೆ 3ರ ಫಲಿತಾಂಶ ಕೈಯಲ್ಲಿಟ್ಟುಕೊಂಡು ಕೇಳಿ, ಆಗ ನಿಮ್ಮ ಕೋರಿಕೆಗೆ ತೂಕ ಬರುತ್ತದೆ.

ಅಳೆಯುವಾಗ ನಡುನಡುವೆ ಮಾದರಿ ದ್ರಾವಣ ಹಾಕುತ್ತಿರಿ. ಜಗತ್ತಿನ ಲ್ಯಾಬ್‌ಗಳೆಲ್ಲ ಈಗ ಅಮೆರಿಕದ ಮಾನಕ ಸಂಸ್ಥೆಯ ನಿಸ್ಟ್ 3134 ಎಂಬ ದ್ರಾವಣವನ್ನು ಆಧಾರ ಮಾಡಿಕೊಂಡಿವೆ, ಅದರ ಮೌಲ್ಯವನ್ನು 0.25 ಎಂದು ಇಟ್ಟುಕೊಳ್ಳುವ ರೂಢಿ 2014ರಿಂದ ಇದೆ. ಹಳೆಯ ಪ್ರಬಂಧಗಳ ಅಂಕಿ ತಂದು ಹೋಲಿಸುವಾಗ ಅವರು ಯಾವ ಆಧಾರ ಬಳಸಿದ್ದರು ಎಂದು ನೋಡಲೇಬೇಕು. ನಿಮ್ಮ ಕಲ್ಲುಗಳ ಜೊತೆಗೆ ಎಸ್‌ಡಿಒ-1 ಎಂಬ ಅಮೆರಿಕದ ಓಹಾಯೋ ಶೇಲ್ ಪುಡಿಯನ್ನೂ ಮೊದಲಿಂದ ಕಡೆವರೆಗೆ ಒಯ್ಯಿರಿ. ಅದು 1.05ರ ಆಸುಪಾಸಿನಲ್ಲಿ ಬರಬೇಕು. ಬರದಿದ್ದರೆ ನಿಮ್ಮ ಕಲ್ಲಿನ ಅಂಕಿಗಳನ್ನು ಇನ್ನೂ ಓದಬೇಡಿ, ಎಲ್ಲಿ ತಪ್ಪಿತು ಎಂದು ಹುಡುಕಿ.

ಹೆಜ್ಜೆ 7: ಅರ್ಥ ಮಾಡುವುದು

ಒಂದೇ ಕಲ್ಲಿನ ಒಂದೇ ಅಂಕಿ ಹಿಡಿದು ಸಾಗರದ ಬಗ್ಗೆ ಮಾತಾಡಬೇಡಿ. ಒಂದು ಕಂಬದ ಉದ್ದಕ್ಕೂ ಅಳೆದು, ಗಂಧಕದ ಗೆರೆ ದಾಟಿದ ಭಾಗದಲ್ಲಿ ಅತಿ ಭಾರದ ಮೌಲ್ಯ ಯಾವುದು ನೋಡಿ. ಸಮುದ್ರದ ಮೌಲ್ಯ ಕನಿಷ್ಠ ಅಷ್ಟು ಭಾರವಿತ್ತು ಎಂದು ಹೇಳಬಹುದು. ಅದಕ್ಕಿಂತ ಹೆಚ್ಚು ಹೇಳುವುದು ದುಡುಕು. ಇನ್ನೊಂದು ಎಚ್ಚರ: ಇಂದಿನ ಸಾಗರದಲ್ಲಿ ಮಾಲಿಬ್ಡಿನಮ್ ಸುಮಾರು 4.4 ಲಕ್ಷ ವರ್ಷ ಉಳಿಯುತ್ತದೆ, ಹಾಗಾಗಿ ಎಲ್ಲ ಕಡೆ ಮೌಲ್ಯ ಒಂದೇ. ಆರ್ಕಿಯನ್ ಕಡಲಿನಲ್ಲಿ ಮಾಲಿಬ್ಡಿನಮ್ ತುಂಬಾ ಕಡಿಮೆ ಇತ್ತು. ಆಗಲೂ ಎಲ್ಲ ಕಡೆ ಒಂದೇ ಇತ್ತು ಎಂದು ಕಣ್ಣು ಮುಚ್ಚಿ ಹಿಡಿಯುವಂತಿಲ್ಲ.

ಈಗ ಆ ದೊಡ್ಡ ವಾದ. ಪಶ್ಚಿಮ ಆಸ್ಟ್ರೇಲಿಯಾದ ಹ್ಯಾಮರ್ಸ್ಲಿ ಪ್ರದೇಶದಲ್ಲಿ 2004ರಲ್ಲಿ ಎಬಿಡಿಪಿ-9 ಎಂಬ ಕಂಬ ಕೊರೆದರು. ಅದರಲ್ಲಿ ಮೌಂಟ್ ಮೆಕ್‌ರೇ ಶೇಲ್ ಸಿಕ್ಕಿತು. ರೀನಿಯಂ ಕಾಲಕ್ರಮದಲ್ಲಿ ಆಸ್ಮಿಯಂ ಆಗುವುದನ್ನು ಅಳೆಯುವ ರೀನಿಯಂ-ಆಸ್ಮಿಯಂ ವಿಧಾನದಲ್ಲಿ ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಒಂದು ಭಾಗದಲ್ಲಿ ಮಾಲಿಬ್ಡಿನಮ್ ಸುಮಾರು 40 ಪಿಪಿಎಂವರೆಗೆ ಏರಿತ್ತು. ನೆಲದ ಬಂಡೆಗಳು ಆಮ್ಲಜನಕಕ್ಕೆ ಸಿಕ್ಕಿ ಸವೆದಾಗಲೇ ಮಾಲಿಬ್ಡಿನಮ್ ಕಡಲಿಗೆ ಹೆಚ್ಚು ಬರುತ್ತದೆ. ಗಾಳಿಯಲ್ಲಿ ಆಮ್ಲಜನಕ ಶಾಶ್ವತವಾಗಿ ಏರಿದ್ದು ಸುಮಾರು 240ರಿಂದ 230 ಕೋಟಿ ವರ್ಷ ಹಿಂದೆ. ಅದಕ್ಕೂ ಮುಂಚೆಯೇ ಒಂದಿಷ್ಟು ಆಮ್ಲಜನಕ ಸುಳಿದು ಹೋಗಿತ್ತು ಎಂದು 2007ರಲ್ಲಿ ಭೂರಸಾಯನ ವಿಜ್ಞಾನಿ ಏರಿಯಲ್ ಅನ್ಬರ್ ಮತ್ತು ಸಂಗಡಿಗರು ಬರೆದರು. ಆಮೇಲೆ ಬಂದ ಐಸೊಟೋಪ್ ಅಳತೆಗಳೂ ಭಾರದ ಕಡೆಗೇ ಇದ್ದವು. 2019ರಲ್ಲಿ ಥ್ಯಾಲಿಯಂ ಎಂಬ ಇನ್ನೊಂದು ಲೋಹ ಕೂಡ ಮ್ಯಾಂಗನೀಸ್ ಆಕ್ಸೈಡ್ ಕಡೆಗೇ ಬೆರಳು ತೋರಿಸಿತು.

2022ರಲ್ಲಿ ಇನ್ನೊಂದು ತಂಡ ಅದೇ ಕಂಬವನ್ನು ಸೂಕ್ಷ್ಮದರ್ಶಕ ಮತ್ತು ಎಕ್ಸ್‌ರೇ ಕಣ್ಣಿನಲ್ಲಿ ಮತ್ತೆ ನೋಡಿತು. ಜ್ವಾಲಾಮುಖಿ ಬೂದಿಯ ಕುರುಹುಗಳು ಕಂಡವು. ಲೋಹ ಬಂದದ್ದು ಆ ಬೂದಿಯಿಂದ, ಆಮೇಲೆ ಕಲ್ಲಿನಲ್ಲಿ ಹರಿದ ದ್ರವಗಳು ಅದನ್ನು ಅತ್ತಿತ್ತ ಮಾಡಿದವು ಎಂಬುದು ಅವರ ವಾದ. ಮರುವರ್ಷ ಮೊದಲಿನ ತಂಡ ಅದಕ್ಕೆ ಉತ್ತರ ಕೊಟ್ಟಿತು.

ನನಗೆ ಕಾಣುವ ಹಾಗೆ, ಮಾಲಿಬ್ಡಿನಮ್, ಥ್ಯಾಲಿಯಂ, ರೀನಿಯಂ-ಆಸ್ಮಿಯಂ ಮೂರೂ ಒಂದಕ್ಕೊಂದು ಹೊಂದಿಕೊಂಡಿರುವುದನ್ನು ಆಮೇಲಿನ ದ್ರವಗಳಿಂದ ಮಾತ್ರ ವಿವರಿಸುವುದು ಕಷ್ಟ. ಕಲ್ಲು ಕೆಟ್ಟಿದ್ದರೆ ವಯಸ್ಸಿನ ರೇಖೆಯೂ (ರೀನಿಯಂ-ಆಸ್ಮಿಯಂ ಅಂಕಿಗಳು ಸಾಲಾಗಿ ಬೀಳುವ ಗೆರೆ) ಚೆದುರಬೇಕಿತ್ತು. ಹಾಗಂತ ಬೂದಿಯ ಪ್ರಶ್ನೆಯನ್ನು ತಳ್ಳಿಹಾಕಲು ಬರುವುದಿಲ್ಲ. ತೆಳು ಪದರ ನೋಡುವ ಕೆಲಸ ಮೊದಲೇ ನಡೆಯಬೇಕು ಎಂದು ಹೆಜ್ಜೆ 3ರಲ್ಲಿ ಒತ್ತಿ ಹೇಳಿದ್ದು ಇದಕ್ಕೇ. ನಿಮ್ಮ ಅಧ್ಯಯನದಲ್ಲಿ ಕನಿಷ್ಠ ಎರಡು ಲೋಹ, ಸಾಧ್ಯವಾದರೆ ಒಂದು ವಯಸ್ಸಿನ ರೇಖೆ, ಮತ್ತು ಅಳೆದ ಜಾಗದ್ದೇ ಸೂಕ್ಷ್ಮದರ್ಶಕ ಚಿತ್ರ ಇರಲಿ.

ಹೆಜ್ಜೆ 8: ಬರೆದಿಡುವುದು, ಎತ್ತಿಡುವುದು

ಪ್ರಕಟಿಸುವ ಪಟ್ಟಿಯಲ್ಲಿ ಮೌಲ್ಯ ಮಾತ್ರ ಹಾಕಿದರೆ ಮುಂದಿನವರಿಗೆ ಅದರಿಂದ ಉಪಯೋಗವಿಲ್ಲ. ಪ್ರತಿ ಸಾಲಿನಲ್ಲೂ ಕಂಬದ ಹೆಸರು, ಆಳ, ಅಲ್ಯೂಮಿನಿಯಂ, ಒಟ್ಟು ಮಾಲಿಬ್ಡಿನಮ್, ಇಂಗಾಲ, ಕಬ್ಬಿಣದ ಪಾಲುಗಳು, ಅಳತೆಯ ದೋಷದ ಮಿತಿ ಇರಲಿ. ಎಸ್‌ಡಿಒ-1 ಎಷ್ಟು ಬಂತು, ಖಾಲಿ ಬಟ್ಟಲಿನಲ್ಲಿ ಎಷ್ಟು ಸಿಕ್ಕಿತು ಎಂಬುದೂ ಬೇಕು. ಕೈಬಿಟ್ಟ ಕಲ್ಲುಗಳನ್ನೂ ಯಾಕೆ ಕೈಬಿಟ್ಟಿರಿ ಎಂಬ ಕಾರಣದ ಜೊತೆ ಸೇರಿಸಿ.

ಉಳಿದ ಪುಡಿಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ತೇವ ತಾಗದಂತೆ ಇಡಿ, ಪೈರೈಟ್ ಪುಡಿ ತೇವದ ಗಾಳಿಯಲ್ಲಿ ಬೇಗ ಕೆಡುತ್ತದೆ. ತಂದ ಕಂಬದಲ್ಲಿ ಮಿಕ್ಕಿದ್ದನ್ನು ಆಳದ ಗುರುತಿನ ಸಮೇತ ಅದರ ಪೆಟ್ಟಿಗೆಗೇ ವಾಪಸ್ ಕೊಡಿ. ಎಬಿಡಿಪಿ-9 ಕಂಬವನ್ನು ಜೋಪಾನವಾಗಿ ಇಟ್ಟಿದ್ದರಿಂದಲೇ ಇಷ್ಟು ವರ್ಷ ಕಳೆದ ಮೇಲೂ ಇನ್ನೊಂದು ತಂಡ ಅದನ್ನು ಮರುಪರೀಕ್ಷೆ ಮಾಡಲು ಆಯಿತು.